ಬೇಡಹೋದ ಬೋಧಕ

ಅಕ್ಕೂರಿನ ಕಡೆಯ ಹಳೆಯ ಮನೆಯೊಂದರ ಜಗುಲಿಯ ಮೇಲೆ ಕುಳಿತು ಹಿರಿಯರೊಡನೆ ಮಾತಿಗೆ ತೊಡಗಿದರೆ ಅದು ಬಹುಬೇಗ ಸರ್ವಜ್ಞನಲ್ಲಿಗೆ ಬಂದು ಮುಟ್ಟುತ್ತದೆ. ಸಾಲದ ಪ್ರಸ್ತಾಪ ಬಂದರೆ ಒಂದು ತ್ರಿಪದಿ, ನೆಂಟರ ಪ್ರಸ್ತಾಪ ಬಂದರೆ ಮತ್ತೊಂದು, ಜಾತಿಯ ಪ್ರಸ್ತಾಪ ಬಂದರಂತೂ ಎರಡು ಮೂರು ಒಟ್ಟಿಗೇ ನಾಲಗೆಯ ಮೇಲೆ ಬರುತ್ತವೆ. ಹೇಳುವವರು ಓದುಬರಹ ಬಲ್ಲವರೇ ಆಗಬೇಕೆಂದಿಲ್ಲ. ಅವರ ಮಾತನ್ನು ಕೇಳುತ್ತ ತಲೆಯೆತ್ತಿ ಮಾಡಿನತ್ತ ನೋಡಿದರೆ ಅಲ್ಲಿ ಸಾಲು ಸಾಲಾಗಿ ಕೆಂಪನೆಯ ಮಂಗಳೂರು ಹಂಚು. ನಾಲಗೆಯ ಮೇಲಣ ತ್ರಿಪದಿಗೂ ತಲೆಯ ಮೇಲಣ ಹಂಚಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಜಗುಲಿಯ ಹಿರಿಯರು ನಕ್ಕುಬಿಟ್ಟಾರು. ಆದರೂ ನಂಟು ಉಂಟು. ಆ ಹಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ತೆರೆದುದು ಬಾಸೆಲ್ ಮಿಶನ್. ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಗ್ರಂಥರೂಪಕ್ಕೆ ತಂದ ಉತ್ತಂಗಿ ಚೆನ್ನಪ್ಪನವರು ಅದೇ ಮಿಶನ್ನಿನ ಬೋಧಕರು.

ಹಂಚಿನ ಕಾರ್ಖಾನೆ ಹುಟ್ಟಿದುದು ಕೇವಲ ವ್ಯಾಪಾರದ ಆಸೆಯಿಂದ ಎಂದು ತಿಳಿಯಬಾರದು. ಅಂದಿನ ದಿನಗಳಲ್ಲಿ ದೀಕ್ಷಾಸ್ನಾನ ಪಡೆದವನು ಅಂದೇ ಮನೆಯಿಂದ ಹೊರಬೀಳುತ್ತಿದ್ದನು. ಆಸ್ತಿಯ ಪಾಲು ತಪ್ಪುತ್ತಿತ್ತು, ಕುಲದ ಕಸುಬು ಕೈಬಿಡುತ್ತಿತ್ತು, ಕೆಲವೊಮ್ಮೆ ಬಾವಿಯ ನೀರೂ ದೊರೆಯುತ್ತಿರಲಿಲ್ಲ. ಹೀಗೆ ಬರಿಗೈಯಲ್ಲಿ ನಿಂತವರಿಗೆ ಅನ್ನದ ದಾರಿ ತೋರಿಸಬೇಕಾಗಿ ಬಂದುದರಿಂದಲೇ ಮಗ್ಗಗಳೂ ಹಂಚಿನ ಗೂಡುಗಳೂ ಎದ್ದವು. ನಮ್ಮ ನೆತ್ತಿಯನ್ನು ಮಳೆಯಿಂದ ಕಾಯುತ್ತಿರುವ ಒಂದೊಂದು ಹಂಚಿನ ಹಿಂದೆಯೂ ಯಾರೋ ಒಬ್ಬರು ತಮ್ಮ ಮಾಡನ್ನು ಕಳೆದುಕೊಂಡ ಕಥೆಯಿದೆಯೆಂದರೆ ಅತಿಶಯೋಕ್ತಿಯಾದೀತು. ಆದರೆ ಆ ಉದ್ಯಮದ ಮೂಲದಲ್ಲಿ ಇಂತಹ ಕಥೆಗಳಿದ್ದುದು ಸತ್ಯ.

ನಂಬಿಕೆಗಾಗಿ ಅಪಾಯವನ್ನು ಎದುರಿಸುವುದೆಂದರೆ ನಮಗೆ ಥಟ್ಟನೆ ನೆನಪಾಗುವುದು ಇಂತಹ ಬಹಿಷ್ಕಾರಗಳೇ. ಇಲ್ಲವೆ ಹುತಾತ್ಮರ ಚರಿತ್ರೆಗಳು. ಜರ್ಮನಿಯ ಬೋನ್‌ಹಾಫರನು 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತನಾಗಿದ್ದರೂ ತನ್ನ ಜನರ ನಡುವೆ ಇರಬೇಕೆಂದು ಹಿಂದಿರುಗಿ ಬಂದು, ಹಿಟ್ಲರನ ಆಳಿಕೆಯನ್ನು ಎದುರಿಸಿ, 1945ರ ಏಪ್ರಿಲಿನಲ್ಲಿ ನೇಣುಗಂಬವೇರಿದುದನ್ನು ಕ್ರೈಸ್ತಜಗತ್ತು ಮರೆತಿಲ್ಲ. ಆ ಧೈರ್ಯಕ್ಕೆ ಕೈಮುಗಿಯೋಣ. ಆದರೆ ನೇಣುಗಂಬವಿಲ್ಲದ, ಸೆರೆಮನೆಯಿಲ್ಲದ, ಪತ್ರಿಕೆಗಳಲ್ಲಿ ಸುದ್ದಿಯೂ ಆಗದ ಮತ್ತೊಂದು ಬಗೆಯ ಅಪಾಯವಿದೆ. ಅದು ತನ್ನವರ ವಿಶ್ವಾಸವನ್ನೇ ಪಣವಾಗಿಡುವ ಅಪಾಯ. ಹೊರಗಿನವರ ಕಲ್ಲನ್ನು ಸಹಿಸುವವನಿಗೆ ಒಳಗಿನವರ ಆದರವಾದರೂ ಇರುತ್ತದೆ. ಒಳಗಿನವರೇ ಹುಬ್ಬುಗಂಟಿಕ್ಕಿದರೆ ಅವನು ಯಾರ ಮನೆಯ ಬಾಗಿಲನ್ನು ತಟ್ಟಬೇಕು?

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ತಲಾಂತುಗಳ ಸಾಮ್ಯವೊಂದಿದೆ. ಪರದೇಶಕ್ಕೆ ಹೊರಟ ಒಡೆಯನು ತನ್ನ ಆಳುಗಳಿಗೆ ಹಣವನ್ನು ಒಪ್ಪಿಸಿಹೋಗುತ್ತಾನೆ. ಇಬ್ಬರು ಅದನ್ನು ವ್ಯಾಪಾರಕ್ಕೆ ಹೂಡಿ ಇಮ್ಮಡಿಸುತ್ತಾರೆ. ಮೂರನೆಯವನು ಭಯಪಟ್ಟು ನೆಲವನ್ನು ಅಗೆದು ಹೂತಿಡುತ್ತಾನೆ. ಒಡೆಯನು ಬಂದಾಗ ಕಾಸೂ ಕಡಮೆಯಿಲ್ಲದಂತೆ ತಂದೊಪ್ಪಿಸುತ್ತಾನೆ. ಲೋಕದ ಲೆಕ್ಕದಲ್ಲಿ ಅವನು ಪ್ರಾಮಾಣಿಕ. ಆದರೆ ಸಾಮ್ಯದ ಒಡೆಯನು ಸಿಟ್ಟಾಗುವುದು ಅವನ ಮೇಲೆಯೇ. ಈ ಕಥೆಯನ್ನು ಉದ್ಯೋಗಶೀಲತೆಯ ಪಾಠವೆಂದು ಹೇಳಿ ಮುಗಿಸುವವರುಂಟು. ನನಗೆ ತೋರುವುದೇ ಬೇರೆ. ನಂಬಿಕೆಯನ್ನು ಕೆಡದಂತೆ ಕಾಪಾಡುತ್ತೇನೆಂದು ಬೇಲಿಯೊಳಗೆ ಹೂತಿಡುವವನೂ ಆ ಮೂರನೆಯ ಆಳೇ ಅಲ್ಲವೆ? ಪೇಟೆಗೆ ಒಯ್ದರೆ ಕಳೆದುಹೋಗಬಹುದು, ಕಲಬೆರಕೆಯಾಗಬಹುದು; ನಿಜ. ಆದರೆ ಒಯ್ಯದೆ ಅದು ಬೆಳೆಯುವ ಬಗೆಯಾದರೂ ಯಾವುದು?

ಹೀಗೆ ಪೇಟೆಗೆ ಒಯ್ದವರು ನಮ್ಮ ಮೈಸೂರು ಸೀಮೆಯಲ್ಲಿ ಬಹು ಹಿಂದೆಯೇ ಇದ್ದರು. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣವನ್ನು ನೆಲೆಯಾಗಿ ಮಾಡಿಕೊಂಡ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು, ಅದರ ವ್ಯಾಕರಣವನ್ನೂ ಪದಕೋಶವನ್ನೂ ಬರೆದನು. ಮೈಸೂರು ಮಿಶನ್ನಿನ ಪಾದ್ರಿಗಳು ಮಧುರೆಯ ನೊಬಿಲಿಯ ದಾರಿಯನ್ನು ಹಿಡಿದು ಕಾವಿಯುಟ್ಟು ಸಂನ್ಯಾಸಿಗಳಂತೆ ಬಾಳಿದರು. ಯೂರೋಪಿನ ಉಡುಪನ್ನು ಕಳಚಿದೊಡನೆ ಅವರ ಕ್ರೈಸ್ತತನವೂ ಕಳಚಿತೇ ಎಂಬ ಶಂಕೆ ರೋಮಿನವರೆಗೆ ಹೋಯಿತು. ದೀರ್ಘಕಾಲದ ವಾದವಿವಾದದ ಬಳಿಕ 1744ರಲ್ಲಿ ಪೋಪರ ಶಾಸನವೊಂದು ಇಂತಹ ಹಲವು ಆಚರಣೆಗಳಿಗೆ ತಡೆಯೊಡ್ಡಿತು. ಪಾದ್ರಿಗಳ ಕಾವಿ ಹೋಯಿತು, ಕನ್ನಡ ಉಳಿಯಿತು. ಅಕ್ಕೂರಿಗೆ ಬಹುದೂರವಲ್ಲದ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಶ್ರಮೆಮರಣಗಳ ಕಥೆಯನ್ನು ಊರಿನವರೇ ಬಣ್ಣಹಚ್ಚಿ ಕನ್ನಡದಲ್ಲಿ ಆಡುವ 'ಮಹಿಮೆ' ನಾಟಕ ಶತಮಾನವನ್ನು ದಾಟಿದೆ.

ಮಲಬಾರು, ಮಂಗಳೂರು, ಧಾರವಾಡಗಳ ಕಡೆ ದುಡಿದ ಬಾಸೆಲ್ ಮಿಶನ್ನಿನದು ಬೇರೆಯ ಸಂಪ್ರದಾಯ. ಕಟ್ಟುನಿಟ್ಟಿನ ಭಕ್ತಿ, ಕಟ್ಟುನಿಟ್ಟಿನ ಲೆಕ್ಕಪತ್ರ. ಅದರೊಳಗೂ ಬೇಲಿ ಹಾರುವವರು ಹುಟ್ಟಿಕೊಂಡರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ತೊಟ್ಟಿಲು ಕಟ್ಟಿದ ಹರ್ಮನ್ ಮೊಗ್ಲಿಂಗನು, ಮರುವರ್ಷವೇ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನಿಗೆ ದೀಕ್ಷಾಸ್ನಾನ ಮಾಡಿಸಿ ಪಟ್ಟಣದಲ್ಲಿ ಕೋಲಾಹಲವನ್ನೆಬ್ಬಿಸಿದನು. ಮನೆಯನ್ನು ಕಳೆದುಕೊಂಡ ಆ ತರುಣನನ್ನು ತನ್ನ ಮಗನೆಂದೇ ತಿಳಿದು ಬಾಸೆಲಿಗೆ ಕರೆದೊಯ್ದು ಓದಿಸಿದನು. ಇದೇ ಮೊಗ್ಲಿಂಗನು 1853ರಲ್ಲಿ ಮಿಶನ್ನಿನ ಒಪ್ಪಿಗೆಗೆ ಕಾಯದೆ ಅಲಮಂಡ ಸೋಮಯ್ಯನೊಡನೆ ಕೊಡಗಿನ ಬೆಟ್ಟವನ್ನು ಹತ್ತಿದನು. ಜೀತದಲ್ಲಿ ನವೆದಿದ್ದ ಹೊಲೆಯರ ಕುಟುಂಬಗಳಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿದನು. ಅವನ ಬಳಿಕ ಬಂದ ಕಿಟ್ಟೆಲನು ಕನ್ನಡಿಗರ ನಡುವೆ ಕನ್ನಡಿಗನಾಗಿಯೇ ಇರಬೇಕೆಂದು ಹಟಹಿಡಿದು, ಕ್ರಿಸ್ತನ ಚರಿತೆಯನ್ನು 1862ರ 'ಕಥಾಮಾಲೆ'ಯಲ್ಲಿ ದೇಶೀಯ ಛಂದಸ್ಸಿಗೆ ಇಳಿಸಿದನು. ಪದಗಳ ಹಿಂದೆ ಬಿದ್ದ ಪಾದ್ರಿ ಆತ್ಮಗಳನ್ನು ಮರೆತಾನೇ ಎಂದು ಸಂದೇಹಪಡುವುದು ಸುಲಭ. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಹೊರಬಂದ ಮೇಲೆ ನಾವೆಲ್ಲ ಅದನ್ನು ಹೊಗಳುತ್ತೇವೆ. ಅದು ಬರುವ ಮೊದಲಿನ ದಶಕಗಳಲ್ಲಿ ಆತನ ಬೆಂಬಲಕ್ಕೆ ನಿಂತವರೆಷ್ಟು ಮಂದಿ?

ಮೊಗ್ಲಿಂಗನು ಜರ್ಮನಿಯಲ್ಲಿ ತೀರಿಕೊಂಡುದು 1881ರಲ್ಲಿ. ಅದೇ ವರ್ಷ ಧಾರವಾಡದಲ್ಲಿ ಉತ್ತಂಗಿ ಚೆನ್ನಪ್ಪನವರು ಹುಟ್ಟಿದರು. ಇದು ಕಾಕತಾಳೀಯ, ಆದರೂ ಹೇಳದಿರಲು ಮನಸ್ಸೊಪ್ಪದು. ಯಾಕೆಂದರೆ ಇವರಲ್ಲಿಗೆ ಬರುವಾಗ ಪ್ರಶ್ನೆಯೇ ತಿರುವುಮುರುವಾಗುತ್ತದೆ. ಮೊಗ್ಲಿಂಗನೂ ಕಿಟ್ಟೆಲನೂ ದೂರದಿಂದ ಬಂದು ಕನ್ನಡದ ಹೊಸ್ತಿಲನ್ನು ದಾಟಿ ಒಳಹೊಕ್ಕವರು. ಅವರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚುಹಾಕಿಸಿದಾಗ ಅದು ವಿದ್ವಾಂಸನಾದ ಅತಿಥಿ ಸಲ್ಲಿಸಿದ ಗೌರವ. ಚೆನ್ನಪ್ಪನವರಾದರೋ ಮನೆಯ ಮಗ. ಅವರ ಹಿರಿಯರು ಹೂವಿನಹಡಗಲಿಯ ಬಳಿಯ ಉತ್ತಂಗಿಯ ಲಿಂಗವಂತರು. ತಂದೆಯ ಹೆಸರು ದಾನಿಯೇಲಪ್ಪ. ಹೀಬ್ರೂ ಪ್ರವಾದಿಯ ಹೆಸರಿಗೆ ಕನ್ನಡದ 'ಅಪ್ಪ' ಸೇರಿದ ಆ ಒಂದು ಪದದಲ್ಲಿ ಎರಡು ಲೋಕಗಳು ಕೈಹಿಡಿದು ನಿಂತಿವೆ. ಮಗನಿಗೆ ಇಟ್ಟುದು ಚೆನ್ನಪ್ಪನೆಂಬ ಹೆಸರು. ಇಂತಹವನು ಹಿಂದಿರುಗಿ ವಚನಗಳತ್ತ ನೋಡಿದರೆ ಅದನ್ನು ಪಾಂಡಿತ್ಯದ ಕುತೂಹಲವೆಂದು ಯಾರೂ ತಳ್ಳಿಹಾಕಲಾರರು. ಬಿಟ್ಟುಬಂದ ಮನೆಯತ್ತ ಮಗನು ನೋಡುತ್ತಿದ್ದಾನೆ. ಇವನು ಹಿಂದಿರುಗಿ ಹೋಗಿಬಿಟ್ಟಾನೆಯೇ? ಆ ಮನೆಯಲ್ಲಿ ಉಳಿದವರಿಗೂ ಅಷ್ಟೇ ಅಂಜಿಕೆ: ಇವನು ನಮ್ಮ ಮನೆಯಲ್ಲಿ ಉಳಿದುದನ್ನೂ ಹೊತ್ತೊಯ್ಯಲು ಬಂದಿದ್ದಾನೆಯೇ?

ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ತರಬೇತು ಹೊಂದಿ, ಉತ್ತರ ಕರ್ನಾಟಕದ ಊರುಗಳಲ್ಲಿ ಸುವಾರ್ತೆಯನ್ನು ಸಾರುವ ಕೆಲಸಕ್ಕೆ ಅವರು ನಿಂತರು. ಆ ಕೆಲಸದ ಕಟ್ಟಳೆ ಸರಳವಾದದ್ದು. ಬೋಧಕನ ಬಳಿ ಹೇಳುವುದಿದೆ, ಹಳ್ಳಿಯವರು ಕೇಳಬೇಕು. ಬೋಧಕನಲ್ಲಿ ಕೊಡುವುದಿದೆ, ಹಳ್ಳಿಯವರು ಪಡೆಯಬೇಕು. ಚೆನ್ನಪ್ಪನವರು ಈ ಕಟ್ಟಳೆಯನ್ನೇ ತಲೆಕೆಳಗು ಮಾಡಿದರು. ಅವರು ಹಳ್ಳಿಯ ಚಾವಡಿಯಲ್ಲಿ ಕುಳಿತು ನಿಮಗೆ ಬರುವ ಸರ್ವಜ್ಞನ ಪದ ಯಾವುದು, ಹೇಳಿರಿ ಎಂದು ಕೇಳಿದರು, ಹೇಳಿದುದನ್ನು ಬರೆದುಕೊಂಡರು. ಓಲೆಗರಿಗಳನ್ನು ಅರಸಿದರು, ಪಾಠಗಳನ್ನು ಹೋಲಿಸಿನೋಡಿದರು. ಕೊಡಲೆಂದು ಕಳುಹಿಸಲ್ಪಟ್ಟವನು ಜೋಳಿಗೆಯನ್ನು ಹಿಡಿದು ಬೇಡಲು ನಿಂತನು. 1924ರಲ್ಲಿ ಹೊರಬಂದ ಸಂಪುಟಕ್ಕೆ 'ತಿರುಳ್ಗನ್ನಡದ ತಿರುಕ' ಸರ್ವಜ್ಞನ ಹೆಸರು. ಆ ಬಿರುದು ಕ್ರಮೇಣ ಸಂಪಾದಕರಿಗೇ ಅಂಟಿಕೊಂಡಿತು. ತಿರುಕನ ಪದಗಳನ್ನು ತಿರಿದು ತಂದವನು ತಾನೂ ತಿರುಕನಾದುದು ನ್ಯಾಯವೇ.

ಇಲ್ಲಿ ಎಷ್ಟು ಅಪಾಯವಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಸರ್ವಜ್ಞನನ್ನು ಪಠ್ಯಪುಸ್ತಕದಲ್ಲಿ ಓದಿದವರಿಗೆ ಅವನೊಬ್ಬ ನಿರಪಾಯಕಾರಿಯಾದ ನೀತಿಬೋಧಕ. ಹಾಗೆ ನೋಡಿದರೆ ಯಾವ ಪಾದ್ರಿ ಸಂಗ್ರಹಿಸಿದರೇನು? ಆದರೆ ಸರ್ವಜ್ಞನು ಜಾತಿಯ ಡಂಭವನ್ನೂ ಹುಸಿ ಗುರುಗಳನ್ನೂ ಝಾಡಿಸಿದವನು. ಅವನ ಬಾಯಿಂದಲೇ ಹಿಂದೂಸಮಾಜವನ್ನು ಹಳಿಯಿಸಲು ಪಾದ್ರಿ ಈ ಉಪಾಯವನ್ನು ಹೂಡಿದ್ದಾನೆಂದು ಹಳ್ಳಿಯ ಬುದ್ಧಿವಂತನೊಬ್ಬನು ಹೇಳಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಮಿಶನ್ನಿನ ಕಡೆಯಿಂದ ನೋಡಿದರೆ ಇದಕ್ಕಿಂತ ಗಂಭೀರವಾದ ಪ್ರಶ್ನೆಯಿತ್ತು. ಕ್ರಿಸ್ತನನ್ನರಿಯದ ಅಲೆಮಾರಿಯೊಬ್ಬನಲ್ಲಿಯೂ ದೇವರ ಸತ್ಯವು ಇಷ್ಟು ನಿಚ್ಚಳವಾಗಿ ನುಡಿದಿದೆಯೆಂದರೆ ಬೋಧಕನು ಹಳ್ಳಿಗೆ ಹೋಗುವುದಾದರೂ ಏಕೆ? ಸಂಬಳ ಕೊಡುವವರು ಈ ಪ್ರಶ್ನೆಯನ್ನು ಕೇಳಿದರೆ ಬೋಧಕನ ಅನ್ನಕ್ಕೇ ಸಂಚಕಾರ.

ಚೆನ್ನಪ್ಪನವರು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕವನ್ನೇ ಬರೆದರು. ಅದು ಮಿಶನ್ನಿನ ವಲಯದಲ್ಲಿ ಅಸಮಾಧಾನಕ್ಕೆ ಎಡೆಗೊಟ್ಟಿತು. ಪುಸ್ತಕದ ಒಳಗನ್ನು ಬಿಟ್ಟು ಹೆಸರೊಂದನ್ನೇ ಗಮನಿಸಿದರೂ ಸಾಕು. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುತ್ತಿಲ್ಲ, ಅದನ್ನು ಗೆಲ್ಲಲು ಹೊರಟಿಲ್ಲ; ವಿನಂತಿ ಮಾಡುತ್ತಿದೆ. ವಿನಂತಿಯನ್ನು ಒಪ್ಪುವುದೂ ಬಿಡುವುದೂ ಎದುರಿನವನ ಕೈಯಲ್ಲಿದೆ. ಹಾಗೆ ಬಾಗಿ ನಿಲ್ಲಲು ಹಿಮ್ಮೇಳದ ಬಲವನ್ನು ಬಿಟ್ಟುಕೊಡಬೇಕಾಗುತ್ತದೆ. ಆಳುವ ಬಿಳಿಯರ ಧರ್ಮವೆಂಬ ಬಲ, ಶಾಲೆ ಆಸ್ಪತ್ರೆಗಳ ಬಲ, ಕಾರ್ಖಾನೆಯ ಬಲ ಇವೆಲ್ಲ ಅಂದು ಕ್ರೈಸ್ತ ಬೋಧಕನ ಬೆನ್ನಹಿಂದೆ ಇದ್ದವು. 1914ರ ಮಹಾಯುದ್ಧ ಬಂದು ಜರ್ಮನ್ ಮಿಶನರಿಗಳು ಸೆರೆಯಾಗಿ ದೇಶವನ್ನು ಬಿಡಬೇಕಾಗಿ ಬಂದಾಗ ಆ ಬಲವೆಷ್ಟು ಟೊಳ್ಳೆಂಬುದನ್ನು ಇಲ್ಲಿಯ ಸಭೆಗಳು ಕಣ್ಣಾರೆ ಕಂಡವು. ಕಾರ್ಖಾನೆಗಳು ಕೈಬದಲಾದವು. ಇದ್ದ ಊರಿನಲ್ಲಿಯೇ ಉಳಿದವರು ಚೆನ್ನಪ್ಪನವರಂತಹ ದೇಶೀಯ ಬೋಧಕರು ಮಾತ್ರ. ನೆರೆಯವರೊಡನೆ ಅವರ ಬಾಳು ಸಾಗಬೇಕಾಗಿದ್ದುದು ನೆರೆಯವರ ವಿಶ್ವಾಸದ ಮೇಲೆಯೇ.

ಇದೇ ಕಾಲದಲ್ಲಿ ಇಂತಹುದೇ ಯೋಚನೆ ಮತ್ತೊಬ್ಬರನ್ನು ಕಾಡುತ್ತಿತ್ತು. ಆಗ ಧಾರವಾಡವೂ ಅಹಮದನಗರವೂ ಒಂದೇ ಮುಂಬಯಿ ಪ್ರಾಂತದೊಳಗಿನ ಊರುಗಳು. ಅಹಮದನಗರದ ಕಡೆ ಇದ್ದ ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದ ಚಿತ್ಪಾವನ ಬ್ರಾಹ್ಮಣರು. ಎರಡು ದಶಕಗಳ ಕಾಲ ಅಮೆರಿಕನ್ ಮಿಶನ್ನಿನ ಆಶ್ರಯದಲ್ಲಿ ದುಡಿದು, 1917ರಲ್ಲಿ ಸಂಬಳದ ಆ ಆಶ್ರಯವನ್ನು ತೊರೆದು ಸಂನ್ಯಾಸಿಯಂತೆ ಹೊರಬಿದ್ದರು. ಜಾತಿ ಸಭೆಗಳ ಗೆರೆಯಿಲ್ಲದ 'ದೇವರ ದರಬಾರ'ನ್ನು ಕಟ್ಟಲು ಹೊರಟು ಎರಡೇ ವರ್ಷದಲ್ಲಿ ತೀರಿಕೊಂಡರು. ಟಿಳಕರ ಸಾಹಸವನ್ನು ನಾವು ಅವರ ಪತ್ನಿ ಲಕ್ಷ್ಮೀಬಾಯಿಯವರ 'ಸ್ಮೃತಿಚಿತ್ರೆ'ಯಿಂದ ಅರಿಯುತ್ತೇವೆ. ಆ ಆತ್ಮಕಥೆಯನ್ನು ಓದಿದವರಿಗೆ ಮತ್ತೊಂದು ಸತ್ಯ ಹೊಳೆಯದೆ ಇರದು. ಗಂಡನು ದೀಕ್ಷೆಯನ್ನು ಪಡೆದ ದಿನ ಆತನಿಗೆ ಹೊಸ ಬಾಳು ಮೊದಲಾಯಿತು. ಹೆಂಡತಿಗೆ ಇದ್ದ ಬಾಳು ಮುಗಿಯಿತು. ಅತ್ತ ಗಂಡನೊಡನೆ ಹೋಗುವಂತಿಲ್ಲ, ಇತ್ತ ಗಂಡನಿದ್ದೂ ಇಲ್ಲದವಳಾಗಿ ನೆಂಟರ ಮನೆಗಳಲ್ಲಿ ವರ್ಷಗಳನ್ನು ಕಳೆಯಬೇಕು. ಮಂಗಳೂರಿನಲ್ಲಿ ಕೌಂಡಿನ್ಯನ ಎಳೆಯ ಪತ್ನಿಗೂ ಇದೇ ಗತಿ ಒದಗಿದ್ದಿತು. ಆಕೆ ಆತ್ಮಕಥೆಯನ್ನು ಬರೆಯಲಿಲ್ಲ, ಅಷ್ಟೆ. ನಂಬಿಕೆಗಾಗಿ ಅಪಾಯವನ್ನು ಮೈಮೇಲೆಳೆದುಕೊಂಡವರನ್ನು ಕೊಂಡಾಡುವಾಗ ಆ ಅಪಾಯದ ಬೆಲೆಯನ್ನು ಕೇಳದೆಯೇ ತೆತ್ತವರನ್ನು ನಾವು ಮರೆಯುವುದುಂಟು. ಲಕ್ಷ್ಮೀಬಾಯಿಯವರು ನಿಧಾನವಾಗಿ, ಮಡಿಯನ್ನು ಒಂದೊಂದಾಗಿ ತಮ್ಮ ಮನಸ್ಸಿನಲ್ಲಿಯೇ ಒರೆಗೆ ಹಚ್ಚಿನೋಡಿ, ತಾವಾಗಿ ಒಪ್ಪಿದ ಮೇಲೆ 1900ರಲ್ಲಿ ದೀಕ್ಷೆ ಪಡೆದರು. ಗಂಡನ ಒಂದು ದಿನದ ಧೈರ್ಯಕ್ಕಿಂತ ಹೆಂಡತಿಯ ಐದು ವರ್ಷದ ಆ ತೊಳಲಾಟವೇ ನನಗೆ ಹಿರಿದಾಗಿ ಕಾಣುತ್ತದೆ. ಟಿಳಕರ ಅಭಿಮಾನಿಗಳು ಕ್ಷಮಿಸಬೇಕು.

ಟಿಳಕರು ಮಿಶನ್ನಿನ ಆಶ್ರಯದಿಂದ ಹೊರಗೆ ಬಂದರು. ಚೆನ್ನಪ್ಪನವರು ಬರಲಿಲ್ಲ. ಕೊನೆಯವರೆಗೂ ಅವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರೇ. ಹೊರಗೆ ಬರುವುದು ಒಂದು ಬಗೆಯಲ್ಲಿ ಸುಲಭ; ಬಾಗಿಲು ಮುಚ್ಚಿತೆಂದರೆ ಜಗಳವೂ ಮುಗಿಯಿತು. ಒಳಗಿದ್ದುಕೊಂಡೇ ಬೇಲಿಯಾಚೆಯ ಹೂವಿಗೆ ನೀರೆರೆಯುವವನಿಗೆ ದಿನದಿನವೂ ಉತ್ತರ ಹೇಳಿಕೊಳ್ಳುವ ಕಷ್ಟ. ಅವರು ಉತ್ತರವಾಗಿ ಒಂದರಮೇಲೊಂದು ಗ್ರಂಥವನ್ನು ಬರೆದರು. ಬಸವೇಶ್ವರನಿಂದ ಕರ್ನಾಟಕಕ್ಕಾದ ಅಭ್ಯುದಯವನ್ನು ಕುರಿತು ಬರೆದರು. ಅನುಭವಮಂಟಪವೆಂಬುದು ನಿಜವಾಗಿ ಇದ್ದಿತೇ, ಅಥವಾ ಮುಂದಿನ ಕವಿಗಳ ಕಲ್ಪನೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಎದ್ದಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು 1951ರಲ್ಲಿ ಗ್ರಂಥವನ್ನು ಹೊರತಂದವರು ಎಪ್ಪತ್ತು ವರ್ಷದ ಈ ಸಭಾಪಾಲಕರು. ಕಲ್ಯಾಣದ ಶರಣರ ಮಂಟಪಕ್ಕೆ ಕ್ರೈಸ್ತ ಪಾದ್ರಿ ಕಾವಲು ನಿಂತ ಆ ದೃಶ್ಯವನ್ನು ಕಲ್ಪಿಸಿಕೊಂಡರೆ ಈಗಲೂ ಮೈ ಝುಮ್ಮೆನ್ನುತ್ತದೆ. ಅವರ ವಾದದ ಎಲ್ಲ ಆಧಾರಗಳೂ ಇಂದಿನ ಸಂಶೋಧಕರಿಗೆ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ವಾದಿಸಲು ಅವರಿಗಿದ್ದ ಅಧಿಕಾರವನ್ನು ಆ ಹೊತ್ತಿಗೆ ಯಾರೂ ಪ್ರಶ್ನಿಸುವಂತಿರಲಿಲ್ಲ.

ಆ ಅಧಿಕಾರವನ್ನು ನಾಡು ಒಪ್ಪಿದುದು ಎರಡು ವರ್ಷ ಮೊದಲು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಅವರನ್ನು ಕರೆದಾಗ. ಏಕೀಕರಣಕ್ಕೆ ನಾಡು ಹಂಬಲಿಸುತ್ತಿದ್ದ ದಿನಗಳವು. ಹಿಂದಿನ ವರ್ಷದ ಸಮ್ಮೇಳನ ಕಾಸರಗೋಡಿನಲ್ಲಿ, ಮುಂದಿನದು ಸೊಲ್ಲಾಪುರದಲ್ಲಿ; ನಡುವೆ ಕಲಬುರಗಿ. ನಿಜಾಮನ ಆಳಿಕೆ 1948ರ ಸೆಪ್ಟೆಂಬರಿನಲ್ಲಷ್ಟೇ ಕೊನೆಗೊಂಡಿದ್ದಿತು. ಧರ್ಮದ ಹೆಸರಿನಲ್ಲಿ ನಡೆದ ಕೊಲೆ ಸುಲಿಗೆಗಳ ನೆನಪು ಹೈದರಾಬಾದು ಸಂಸ್ಥಾನದ ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದ್ದಿತು. ಕನ್ನಡಿಗರು ಅಂತಹ ಗಳಿಗೆಯಲ್ಲಿ ಅಂತಹ ನೆಲದ ಮೇಲೆ ಕ್ರೈಸ್ತ ಸಭಾಪಾಲಕರೊಬ್ಬರನ್ನು ತಮ್ಮ ಮಾತಿನ ಮುಖಂಡರೆಂದು ಕೂರಿಸಿಕೊಂಡರು. ಇಲ್ಲಿ ಧೈರ್ಯವನ್ನು ತೋರಿದವರು ಅಧ್ಯಕ್ಷರೊಬ್ಬರೇ ಅಲ್ಲ, ಆರಿಸಿದವರೂ ಹೌದು. ಚಾವಡಿಯಲ್ಲಿ ಬೇಡಿ ಪಡೆದವನಿಗೆ ನಾಡು ಕೇಳದೆಯೇ ಕೊಟ್ಟುದು ಇದು.

ಮುಂದೆಯೂ ಅವರು ಸುಮ್ಮನೆ ಕೂರಲಿಲ್ಲ. ಎಪ್ಪತ್ತು ದಾಟಿದ ಮೇಲೆಯೂ ಸಿದ್ಧರಾಮನ ಸಾಹಿತ್ಯ, ಆದಯ್ಯನ ವಚನಗಳು ಎಂದು ಸಂಪಾದನೆಯಲ್ಲಿಯೇ ಮುಳುಗಿದ್ದು 1962ರಲ್ಲಿ ಕಣ್ಮುಚ್ಚಿದರು.

ಅಂದಿನಿಂದ ನಾವು ಅವರನ್ನು ಇಬ್ಭಾಗ ಮಾಡಿಕೊಂಡಿದ್ದೇವೆ. ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಸರ್ವಜ್ಞನ ಸಂಪಾದಕರನ್ನು ಪಾಠಮಾಡುತ್ತೇವೆ. ಹೆಸರಿನ ಹಿಂದಣ 'ರೆವರೆಂಡ್' ಪದವನ್ನು ಅಂಚೆಯ ವಿಳಾಸದಂತೆ ಓದಿ ಮುಂದೆ ಸಾಗುತ್ತೇವೆ. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ನಮ್ಮ ಪಠ್ಯಕ್ರಮಕ್ಕೆ ಎಟುಕುವುದಿಲ್ಲ. ಅತ್ತ ಭಾನುವಾರದ ಪ್ರಸಂಗಗಳಲ್ಲಿ ಕ್ರೈಸ್ತ ಧೈರ್ಯಕ್ಕೆ ಉದಾಹರಣೆ ಬೇಕಾದಾಗ ಹೆಸರುಗಳು ಹಡಗಿನಲ್ಲಿ ಬರುತ್ತವೆ, ಧಾರವಾಡದ ರೈಲಿನಲ್ಲಿ ಬರುವುದು ಅಪರೂಪ. ಆಮೆರಡೂ ಭಾಗಗಳನ್ನು ಕೂಡಿಸಿ ಓದುವ ತರುಣರು ಬೇಕಾಗಿದ್ದಾರೆ. ಸಂಶೋಧನೆಗೆ ವಿಷಯವೇನಿದೆ ಎಂದು ಪ್ರತಿವರ್ಷವೂ ನಮ್ಮನ್ನು ಕೇಳಲು ಬರುವ ಎಂ.ಎ. ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಹಳೆಯ ಮಿಶನ್ ದಾಖಲೆಗಳ ಧೂಳನ್ನು ಕೊಡವಲು ಧಾರವಾಡಕ್ಕೂ ಮಂಗಳೂರಿಗೂ ಹೋಗಿಬರುವುದಾದರೆ, ಜೋಳಿಗೆಯೊಂದನ್ನು ಹೊಂದಿಸಿಕೊಡಲು ನಾನು ಸಿದ್ಧನಿದ್ದೇನೆ.